ಸಿಡಿಲೂ ಕೇಳಿಕೊಂಡು ಬರಬೇಕಾದ ಮನೆ

ಕನ್ನಡಕದಂಗಡಿಯವರು ಆ ಬೆಳಿಗ್ಗೆ ಹಾಲಿನ ಅಂಗಡಿಯ ಮುಂದೆ ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಮನೆಗೆ ಹೊಸದೊಂದು ವಸ್ತು ಬಂದಾಗ ಸುಮ್ಮನಿರುವುದು ಯಾರಿಂದಾದೀತು?

"ಸರ್ಜ್ ಪ್ರೊಟೆಕ್ಟರ್ ಹಾಕಿಸಿದೀನಿ," ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದರು. "ಕರೆಂಟು ಎಷ್ಟೇ ಎಗರಾಡ್ಲಿ, ಮೀಟರ್ ಪಕ್ಕದಲ್ಲೇ ಹಿಡಿದು ನೆಲಕ್ಕಿಳಿಸುತ್ತೆ. ಇನ್ಮೇಲೆ ಸಿಡಿಲೂ ನಮ್ಮನೆಗೆ ಕೇಳ್ಕೊಂಡೇ ಬರ್ಬೇಕು!"

ಪಾಪ, ಬೀಗುವುದಕ್ಕೆ ಕಾರಣವಿತ್ತು. ಹೋದ ವರ್ಷ ಫುಟ್‌ಬಾಲ್ ಫೈನಲ್ ನಡೆಯುತ್ತಿದ್ದಾಗಲೇ ವೋಲ್ಟೇಜ್ ಜಿಗಿದು ಟಿವಿ ಸುಟ್ಟಿತ್ತು. ಹೊಸದನ್ನು ತಂದ ದಿನ ಹೆಂಡತಿ ಕಡ್ಡಿ ಮುರಿದಂತೆ ಹೇಳಿದ್ದಳು: "ಇದೂ ಸುಟ್ರೆ, ಇನ್ನೊಂದು ಟಿವಿ ಈ ಹೊಸ್ತಿಲು ದಾಟಲ್ಲ." ಈಗ ಮತ್ತೆ ಫೈನಲ್ ಬಂದಿತ್ತು, ಇವತ್ತೇ ಸಂಜೆ.

ಮಧ್ಯಾಹ್ನ ಮೋಡ ಕವಿಯಿತು. ಮೊದಲ ಹನಿಗಿಂತ ಮೊದಲೇ ಬಂದವರು ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು. ಜೊತೆಗೆ ತಳ್ಳುಗಾಡಿ, ಗಾಡಿಯ ಮೇಲೆ ಫ್ರಿಜ್ಜು.

"ನಮ್ಮವಳ ಇನ್ಸುಲಿನ್ ಇದೆ ಇದ್ರಲ್ಲಿ. ನಿಮ್ಮನೇಲಿದ್ರೆ ನಮಗೂ ನೆಮ್ಮದಿ."

"ಮಳೆ ನಿಲ್ಲೋವರೆಗೂ ಪ್ಲಗ್ ತೆಗೆದಿಟ್ರೆ ಸಾಕಲ್ವಾ ಸಾರ್?"

"ಸಿಡಿಲೇ ಕೇಳ್ಕೊಂಡು ಬರೋ ಮನೆ ಪಕ್ಕದಲ್ಲಿದ್ದು, ನಾವ್ಯಾಕ್ರೀ ಪ್ಲಗ್ ತೆಗೀಬೇಕು?"

ಆಡಿದ ಮಾತು ತಿರುಗಿ ಬಂದು ತಲೆಯ ಮೇಲೆ ಕೂತಿತು. ಫ್ರಿಜ್ಜು ಒಳಗೆ ಬಂತು. ಅದರ ಹಿಂದೆಯೇ ಎದುರುಮನೆಯ ಟ್ಯೂಷನ್ ಟೀಚರ್ ಕಂಪ್ಯೂಟರ್ ಹೊತ್ತುಕೊಂಡು ಬಂದರು. ಆನ್‌ಲೈನ್ ಪಾಠ ನಿಲ್ಲಿಸುವ ಹಾಗಿರಲಿಲ್ಲವಂತೆ. ಮೂಲೆಮನೆಯ ಕೇಕ್ ಅಕ್ಕ ಓವನ್ ಸಮೇತ ಹಾಜರಾದಳು. ಆರ್ಡರ್ ತಡವಾಗುವ ಹಾಗಿರಲಿಲ್ಲವಂತೆ. ಬೇಡ ಎನ್ನಲಾಗದೆ ಕನ್ನಡಕದವರು ಒಂದೊಂದಕ್ಕೂ ಪ್ಲಗ್ ಹುಡುಕಿಕೊಟ್ಟರು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗ ಇಲ್ಲ ಅನ್ನುತ್ತಾರಲ್ಲ, ಆ ಮನೆಯಲ್ಲಿ ಕಾಲಿಡಲೂ ಜಾಗ ಉಳಿಯಲಿಲ್ಲ.

ಓವನ್ ಬಿಸಿಯಾಗುತ್ತಿದ್ದಂತೆ ಟಪ್ ಎಂದು ಮೀಟರ್ ಪಕ್ಕದ ಎಂಸಿಬಿ ಸ್ವಿಚ್ಚು ಬಿದ್ದು ಮನೆಯ ಕರೆಂಟು ಹೋಯಿತು. ಎತ್ತಿದರೆ ಮತ್ತೆ ಬಿತ್ತು.

"ಲೋಡ್ ಜಾಸ್ತಿ ಆಯ್ತು. ಯಾವುದಾದ್ರೂ ಒಂದು ತೆಗೀಲೇಬೇಕು," ಎಂದರು ಪೋಸ್ಟ್‌ಮಾಸ್ಟರು. ಔಷಧಿ, ವಿದ್ಯೆ, ಹೊಟ್ಟೆಪಾಡು. ಮೂರನ್ನೂ ನೋಡಿದ ಎಲ್ಲರ ಕಣ್ಣು ಒಟ್ಟಿಗೇ ಟಿವಿಯ ಮೇಲೆ ನಿಂತಿತು.

"ಅಯ್ಯೋ, ಇವತ್ತು ಫೈನಲ್ಲು!"

"ಅದಕ್ಕೇನಂತೆ?" ಎಂದರು ಪೋಸ್ಟ್‌ಮಾಸ್ಟರು. "ನಮ್ಮನೇಲಿ ಪ್ಲಗ್ಗೆಲ್ಲಾ ಖಾಲಿ ಬಿದ್ದಿವೆ. ಅಲ್ಲಿಗೇ ತಗೊಂಡ್ಬನ್ನಿ, ಇಬ್ರೂ ಆರಾಮಾಗಿ ನೋಡೋಣ."

ಹೆಚ್ಚು ಕರೆಂಟು ಎಳೆಯುತ್ತಿದ್ದದ್ದು ಓವನ್ನೇ ಹೊರತು ಬಡಪಾಯಿ ಟಿವಿಯಲ್ಲ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಟಿವಿ ಪ್ಲಗ್ ಕಿತ್ತ ಮೇಲೆ ಎಂಸಿಬಿ ಹೇಗೋ ನಿಂತಿತು. ಹೆಂಡತಿ ಫ್ರಿಜ್ಜಿಗೆ ಅಡುಗೆಮನೆಯಲ್ಲಿ ಜಾಗ ಮಾಡುತ್ತಿದ್ದಳು. ಕನ್ನಡಕದವರು ಟಿವಿಯನ್ನು ಹಸುಗೂಸಿನಂತೆ ಎದೆಗವಚಿಕೊಂಡು ಮೆಲ್ಲನೆ ಹೊಸ್ತಿಲು ದಾಟಿದರು.

ಅಲ್ಲಿ ನಿಜಕ್ಕೂ ಆರಾಮವಾಗಿತ್ತು. ಹೊರಗೆ ಧೋ ಎಂದು ಮಳೆ, ಕೈಯಲ್ಲಿ ಬಿಸಿ ಚಹಾ, ಎರಡೂ ಕಡೆ ಸಮ ಗೋಲು, ಇನ್ನೇನು ಆಟ ಮುಗಿಯಬೇಕು. ಆಟಗಾರನೊಬ್ಬ ಚೆಂಡಿನೊಂದಿಗೆ ಗೋಲಿನತ್ತ ನುಗ್ಗಿದ. ಕನ್ನಡಕದವರು ಕುರ್ಚಿಯಿಂದ ಎದ್ದರು.

ಢಂ!

ಕಣ್ಣು ಕೋರೈಸುವ ಬೆಳಕು. ಟಿವಿಯ ಬೆನ್ನಿನಿಂದ ಸಣ್ಣಗೆ ಹೊಗೆ ಎದ್ದಿತು.

ಪೋಸ್ಟ್‌ಮಾಸ್ಟರು ಸುತ್ತ ನೋಡಿ ಕೈ ಮುಗಿದರು. "ದೇವರು ದೊಡ್ಡವನು ಕಣ್ರೀ. ನಮ್ಮನೇದು ಒಂದೂ ಹೋಗ್ಲಿಲ್ಲ!"

ಕನ್ನಡಕದವರು ಸತ್ತ ಟಿವಿಯನ್ನು ಹೊತ್ತು ಮಳೆಯಲ್ಲೇ ಮನೆಗೆ ಬಂದರು. ಒಳಗೆ ದೀಪಗಳೆಲ್ಲ ನಗುತ್ತಿದ್ದವು. ಕೇಕಿನ ಘಮ ತುಂಬಿತ್ತು. ಪಾಠ ಮುಗಿದ ಕಂಪ್ಯೂಟರಿನ ಮುಂದೆ ಹೆಂಡತಿ, ಟೀಚರ್, ಕೇಕ್ ಅಕ್ಕ ಮೂವರೂ ಚಪ್ಪಾಳೆ ತಟ್ಟುತ್ತಿದ್ದರು.

"ಎಲ್ಲಿ ಹೋಗಿದ್ರಿ? ಎಂಥಾ ಗೋಲು ತಪ್ಪಿಸ್ಕೊಂಡ್ರಿ! ಅಂದಹಾಗೆ, ಸಿಡಿಲು ಬಡೀತಲ್ಲ, ನಿಮ್ಮ ಆ ಪೆಟ್ಟಿಗೆ ಭೇಷ್ ಕಣ್ರೀ. ಮನೇಲಿ ಒಂದು ಬಲ್ಬೂ..." ಎನ್ನುತ್ತಾ ತಿರುಗಿದವಳು ಗಂಡನ ಕೈಯಲ್ಲಿದ್ದದ್ದನ್ನು ನೋಡಿ ಅಲ್ಲೇ ನಿಲ್ಲಿಸಿದಳು. "ಊರಿಗೆ ಉಪಕಾರಿ, ಮನೆಗೆ ಮಾರಿ! ಇನ್ನೊಂದು ಟಿವಿ ಈ ಹೊಸ್ತಿಲು ದಾಟಲ್ಲ ಅಂದಿದ್ದೆ, ನೆನಪಿದೆಯಾ?"

"ದಾಟ್ಬಾರ್ದಿತ್ತು ಕಣೇ," ಎಂದರು ಕನ್ನಡಕದವರು. "ಇದೊಂದು ದಾಟಿದ್ದೇ ತಪ್ಪಾಯ್ತು."

ಹೆಂಡತಿ ಸಿಟ್ಟು ಮಾಡಲು ಹೋಗಿ ನಕ್ಕುಬಿಟ್ಟಳು. ಕೇಕ್ ಅಕ್ಕ ದೊಡ್ಡ ತುಂಡನ್ನೇ ಕೊಯ್ದು ಕೊಟ್ಟಳು. ಒದ್ದೆ ಬಟ್ಟೆಯಲ್ಲೇ ಅದನ್ನು ತಿನ್ನುತ್ತಾ, ಗೋಲನ್ನು ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ನೋಡುತ್ತಾ ಅವರಿಗೂ ಒಂದು ಬಗೆಯ ಸುಖವೇ ಅನಿಸಿತು.

ಅಷ್ಟರಲ್ಲಿ ಪೋಸ್ಟ್‌ಮಾಸ್ಟರು ಬಾಗಿಲಲ್ಲಿ ಇಣುಕಿದರು. "ಕನ್ನಡಕದವ್ರೇ, ಮಳೆಗಾಲ ಮುಗಿಯೋವರೆಗೂ ಫ್ರಿಜ್ಜು ಇಲ್ಲೇ ಇರ್ಲಿ. ಹೇಗೂ ಈಗ ಟಿವಿ ಜಾಗ ಖಾಲಿ ಇದೆಯಲ್ಲ?"