ಗೋಡೆಗೆ ಆಸರೆ ಬೇಕಾಗಿದೆ

ಪಕ್ಕದ ಮನೆಯವರೊಡನೆ ಮಾತು ಬಿಡುವುದು ಸುಲಭದ ಕೆಲಸ ಎಂದು ನೀವು ತಿಳಿದಿದ್ದರೆ, ಇನ್ನೂ ಯಾರೊಡನೆಯೂ ಸರಿಯಾಗಿ ಮಾತು ಬಿಟ್ಟಿಲ್ಲವೆಂದೇ ಅರ್ಥ. ಮಾತಾಡುವುದಕ್ಕೆ ಬಾಯೊಂದಿದ್ದರೆ ಸಾಕು. ಮಾತು ಬಿಟ್ಟ ಮೇಲೆ ಮೈಯೆಲ್ಲ ಎಚ್ಚರವಾಗಿರಬೇಕು. ಅವರ ಗೇಟಿನ ಸದ್ದು ಕೇಳಿದರೆ ನಾವು ಚಪ್ಪಲಿ ಹುಡುಕುವ ನೆಪದಲ್ಲಿ ಒಳಗೇ ನಿಲ್ಲಬೇಕು. ಎದುರಿಗೆ ಸಿಕ್ಕರೆ ಮೇಲೆ ಏನೋ ಹಾರುತ್ತಿದೆ ಎಂಬಂತೆ ಕತ್ತೆತ್ತಬೇಕು. ನಮ್ಮ ಹಗರಿಬೊಮ್ಮನಹಳ್ಳಿಯ ಆಕಾಶದಲ್ಲಿ ದಿನಾ ಬೆಳಿಗ್ಗೆ ನೋಡುವಂಥದ್ದು ಏನು ಹಾರುತ್ತದೆ, ನೀವೇ ಹೇಳಿ. ಇಷ್ಟೆಲ್ಲ ಕಷ್ಟಪಟ್ಟು ನಾನು ನೆರೆಮನೆಯ ಕೊಟ್ರೇಶಪ್ಪನವರೊಡನೆ ಮಾತು ಬಿಟ್ಟು ಎರಡು ಮಳೆಗಾಲ ಕಳೆದಿದ್ದವು. ನನ್ನ ಕತ್ತು ನೋವಿಗೆ ಡಾಕ್ಟರು ಆಫೀಸಿನ ಕಂಪ್ಯೂಟರನ್ನು ದೂರಿದರು. ನಿಜ ಕಾರಣ ನಾನು ಹೇಳಲಿಲ್ಲ.

ನಾನು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ಕೊಟ್ರೇಶಪ್ಪ ನಿವೃತ್ತ ಬಸ್ ಕಂಡಕ್ಟರು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಂದು ಕೂಗಿ ಕೂಗಿ ಗಂಟಲು ಪಳಗಿಸಿಕೊಂಡವರು. ಮನೆಯಲ್ಲಿ ಅವರು ಉಪ್ಪು ಕೇಳಿದರೆ ನಮ್ಮ ಮನೆಯಲ್ಲಿ ನಾವು ಉಪ್ಪಿನ ಡಬ್ಬಿಗೆ ಕೈ ಹಾಕುತ್ತಿದ್ದೆವು. ಅವರು ನಿವೃತ್ತರಾದ ಹೊಸದರಲ್ಲಿ ಹಿತ್ತಲಿಗೆ ಟ್ರ್ಯಾಕ್ಟರುಗಟ್ಟಲೆ ಗರಸು ಮಣ್ಣು ಹೊಡೆಸಿ ಮೊಣಕಾಲೆತ್ತರ ಏರಿಸಿದರು. ಅಲ್ಲಿಂದ ಮಳೆ ಬಂದಾಗಲೆಲ್ಲ ಅವರ ಹಿತ್ತಲಿನ ಕೆಂಪು ನೀರು ನಮ್ಮ ಬಚ್ಚಲ ಬಾಗಿಲಿಗೆ ಬಂದು ನಿಲ್ಲತೊಡಗಿತು. ಕೇಳಲು ಹೋದೆ. “ಮೋಡಕ್ಕ ನಾನೇನು ಟಿಕೀಟು ಹರದು ಕಳಿಸೀನೇನ್ರಿ?” ಎಂದರು. “ಇಂಥ ಚಿಲ್ಲರೆ ಮಾತು ಆಡಬ್ಯಾಡ್ರಿ” ಎಂದೆ. ಬೇರೆ ಯಾರಿಗಾದರೂ ಈ ಮಾತು ತಾಗುತ್ತಿತ್ತೋ ಇಲ್ಲವೋ. ಜೀವಮಾನವಿಡೀ ಚಿಲ್ಲರೆಗಾಗಿ ಜನರಿಂದ ಬೈಸಿಕೊಂಡ ಮನುಷ್ಯನಿಗೆ ಅದು ನೇರ ಎದೆಗೇ ಹೋಯಿತು. ಅವತ್ತಿಗೆ ಮಾತು ನಿಂತಿತು. ನೀರು ಮಾತ್ರ ನಿಲ್ಲಲಿಲ್ಲ.

ಈ ವೈರದಲ್ಲಿ ನಮ್ಮ ಹೆಂಡಂದಿರ ನಡವಳಿಕೆ ಅಷ್ಟು ಸರಿಯಿರಲಿಲ್ಲ. ನನ್ನ ಹೆಂಡತಿ ನಾಗರತ್ನ ಮತ್ತು ಅವರ ಮನೆಯ ಹಾಲಮ್ಮ ಒಂದು ದಿನವೂ ಮಾತು ಬಿಡಲಿಲ್ಲ. ಬಿಡಬೇಕೆಂದು ಅವರಿಗೆ ಹೊಳೆಯಲೂ ಇಲ್ಲ. ಹಿತ್ತಲ ಮುಳ್ಳುಬೇಲಿಯ ಸಂದಿಯಲ್ಲಿ ಎಣ್ಣೆಗಾಯಿ ಆಚೆಯಿಂದ ಈಚೆಗೂ, ಶೇಂಗಾ ಚಟ್ನಿ ಈಚೆಯಿಂದ ಆಚೆಗೂ ದಾಟುತ್ತಿದ್ದವು. ತಟ್ಟೆಯಲ್ಲಿ ಬಿದ್ದ ಎಣ್ಣೆಗಾಯಿ ನಮ್ಮ ಮನೆಯದಲ್ಲವೆಂದು ನನಗೆ ಮೊದಲ ತುತ್ತಿಗೇ ಗೊತ್ತಾಗುತ್ತಿತ್ತು. ಗೊತ್ತಾಗಿದೆ ಎಂದು ಹೇಳಿದರೆ ಸ್ವಾಭಿಮಾನಕ್ಕಾಗಿ ತಿನ್ನದೆ ಬಿಡಬೇಕಾಗುತ್ತದೆ. ಆದ್ದರಿಂದ ಗೊತ್ತಾಗದವನಂತೆ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದೆ.

ಈ ವರ್ಷ ಮಳೆಗೆ ಮುಂಚೆ ನಮ್ಮ ಜಾಗದ ಅಂಚಿಗೆ ಒಂದು ಗೋಡೆ ಕಟ್ಟಿಸಿಬಿಡುವುದೆಂದು ತೀರ್ಮಾನಿಸಿದೆ. ನೀರೂ ಬರಬಾರದು, ಅವರ ಮುಖವೂ ಕಾಣಬಾರದು. ಪರಿಚಯದ ಇಂಜಿನಿಯರೊಬ್ಬರು ಬಂದು ನೋಡಿ, ಆಚೆ ಮಣ್ಣಿನ ಒತ್ತಡವಿದೆ, ಇಟ್ಟಿಗೆ ನಿಲ್ಲುವುದಿಲ್ಲ, ಕಂಬಿ ಕಟ್ಟಿಸಿ ಪಿಲ್ಲರು ಸಮೇತ ಕಾಂಕ್ರೀಟ್ ಗೋಡೆಯನ್ನೇ ಹಾಕಿಸಿ ಎಂದರು. ಕಾಂಕ್ರೀಟು ಎಂದ ಕೂಡಲೆ ನನಗೆ ಕೋಟೆ ಕಟ್ಟಿಸುವ ಹುರುಪು ಬಂತು. ಕಾಂಕ್ರೀಟಿಗೆ ಅಚ್ಚು ಕಟ್ಟುವ ಸೆಂಟ್ರಿಂಗ್ ಮಾಬುಸಾಬರನ್ನು ಕೊಟ್ಟೂರಿನಿಂದ ಕರೆಸಿದೆ. ಮಾಬುಸಾಬರು ಕಬ್ಬಿಣದ ಶೀಟು, ಕಟ್ಟಿಗೆ, ಮೊಳೆಗಳ ಜತೆಗೆ ಬಹಳಷ್ಟು ಮಾತನ್ನೂ ಗಾಡಿಯಲ್ಲಿ ಹೇರಿಕೊಂಡು ಬರುವವರು. “ಸಾಹೇಬ್ರ, ನಾ ಹೊಡೆದ ಸೆಂಟ್ರಿಂಗಿಗೆ ಆನಿ ಬಂದು ಒರಗಿದ್ರೂ ಅಲುಗಂಗಿಲ್ಲ” ಎಂದು ಶುರುಮಾಡಿದರು. ಆಮೇಲೆ ಬೇಲಿಯ ಬಳಿ ನಿಂತು ಅತ್ತ ನೋಡಿದರು, ಇತ್ತ ನೋಡಿದರು. “ಆಚಿ ಕಡಿ ಆಸರ ಎಲ್ಲಿ ಕೊಡೋಣ?” ಎಂದರು.

“ಆಚೆ ಕಡಿ ಯಾಕ? ಗೋಡಿ ನಂದು, ಜಾಗ ನಂದು.”

“ಗೋಡಿ ನಿಮ್ದ ಐತ್ರಿ. ಆದ್ರ ಕಾಂಕ್ರೀಟು ಹಾಕುವಾಗ ಅಂಬಲಿ ಇದ್ದಂಗ ಇರತೈತಿ. ಎರಡೂ ಕಡಿ ಶೀಟು ನಿಲ್ಲಿಸಿ, ಎರಡೂ ಕಡಿ ಕಟ್ಟಿಗಿ ಕೊಟ್ಟು ಒತ್ತಿ ಹಿಡೀಬೇಕು. ಒಂದ ಕಡಿ ಹಿಡದ್ರ ಅವ್ರ ಹಿತ್ತಲ ತುಂಬ ಚೆಲ್ಲತೈತಿ.”

ಅವರ ಮುಖ ನೋಡಬಾರದೆಂದು ಕಟ್ಟಿಸುವ ಗೋಡೆಗೆ ಅವರ ಹಿತ್ತಲಿನಲ್ಲೇ ಆಸರೆ ಬೇಕು! ನಾನು ಉಪಾಯ ಮಾಡಿ, ನೀವೇ ಹೋಗಿ ಕೇಳಿಕೊಂಡು ಬನ್ನಿ ಎಂದು ಮಾಬುಸಾಬರನ್ನು ಕಳಿಸಿದೆ. ಹೋದವರು ಬಹಳ ಹೊತ್ತು ಬರಲೇ ಇಲ್ಲ. ಬಂದಾಗ ಬಾಯಲ್ಲಿ ಎಲೆ ಅಡಿಕೆ ಇತ್ತು. “ಏನಂದ್ರು?” ಎಂದೆ. “ಭಾಳ ಛಲೋ ಮನುಷ್ಯಾರಿ. ನಾ ಹುಡುಗ ಇದ್ದಾಗ ಅವ್ರ ಬಸ್ಸಿನಾಗ ಓಡಾಡೀನಿ. ನೆನಪು ತಕ್ಕೊಂಡು ಕುಂತೀವಿ ನೋಡ್ರಿ, ಒಗ್ಗರಣಿ ಮಂಡಕ್ಕಿ ಕೊಟ್ರು…” “ಅದಲ್ರಿ, ಆಸರ?” ಮಾಬುಸಾಬರು ಎಲೆ ಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, “ಹಾಂ, ಅದನ್ನೂ ಕೇಳಿದೆ. ಗೋಡಿ ಯಾರ್ದೋ ಅವ್ರ ಬಂದು ಕೇಳ್ಲಿ ಅಂದ್ರು” ಎಂದರು.

ಮಳೆ ಎದುರಿಗೇ ಇತ್ತು. ಕಂಬಿ ಆಗಲೇ ಕಟ್ಟಿಯಾಗಿತ್ತು. ಬೇರೆ ದಾರಿ ಕಾಣದೆ ಸಂಜೆ ಮುಖ ತೊಳೆದು, ಇಸ್ತ್ರಿ ಅಂಗಿ ತೊಟ್ಟೆ. ನಾಗರತ್ನ ಬಾಗಿಲಲ್ಲಿ ನಿಂತು, “ಹೆಣ್ಣು ನೋಡಾಕ ಬಂದಾಗೂ ನೀವು ಇಷ್ಟು ನೀಟಾಗಿ ಬಂದಿದ್ದಿಲ್ಲ ಬಿಡ್ರಿ” ಎಂದಳು. ಕೊಟ್ರೇಶಪ್ಪ ತಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ನಾನು ನಿಂತೆ. ಅವರು ಆಕಾಶ ನೋಡಿದರು, ನಾನೂ ನೋಡಿದೆ. ಅಲ್ಲಿ ಯಾರಿಗೂ ಏನೂ ಸಿಗಲಿಲ್ಲ. ಹಾಲಮ್ಮನವರು ಒಳಗಿನಿಂದ, “ಕುಂದರ್ರಿ ಅಣ್ಣಾರ, ಚಾ ತರ್ತೀನಿ” ಎಂದಾಗ ಕೂತೆ.

“ನಿಮ್ಮ ಹಿತ್ತಲದಾಗ ನಾಕು ಕಟ್ಟಿಗಿ ನಿಲ್ಲಿಸಬೇಕಾಗಿತ್ರಿ” ಎಂದೆ.

“ಯಾತಕ?”

“ಗೋಡಿಗೆ.”

“ಗೋಡಿ ಯಾತಕ?”

ಇದಕ್ಕೆ ಉತ್ತರ ಇಬ್ಬರಿಗೂ ಗೊತ್ತಿತ್ತು. “ಮಳಿ ನೀರಿಗೆ” ಎಂದು ಅರ್ಧ ಸತ್ಯ ಹೇಳಿದೆ.

“ಅಂದ್ರ, ನಮಗ ಅಡ್ಡ ಗೋಡಿ ಕಟ್ಟಾಕ ನಾವ ಆಸರ ಕೊಡಬೇಕು.”

“ಹೌದ್ರಿ.”

ಅವರ ಮೀಸೆಯ ಕೆಳಗೆ ಏನೋ ಅಲುಗಿತು. ನಗುವೋ ಸಿಟ್ಟೋ ತಿಳಿಯಲಿಲ್ಲ. “ನಿಲ್ಲಿಸಿಕೋರಿ. ಆದ್ರ ನನ್ನ ಸ್ಕೂಟರಿಗೆ ಅಲ್ಲಿ ಜಾಗ ಇರಂಗಿಲ್ಲ. ಅದು ನಿಮ್ಮ ಮನಿ ಮುಂದ ನಿಲ್ಲತೈತಿ” ಎಂದರು. ಒಪ್ಪಿದೆ. ಚಹಾ ಕುಡಿದೆ. ಅಷ್ಟಾದರೂ ಇದನ್ನು ಮಾತು ಬಿಟ್ಟವರ ನಡುವಿನ ಕಚೇರಿ ವ್ಯವಹಾರವೆಂದೇ ಲೆಕ್ಕ ಹಾಕಿ, ಮರುದಿನ ಅವರು ಸ್ಕೂಟರ್ ತೆಗೆಯಲು ನಮ್ಮ ಬಾಗಿಲಿಗೆ ಬಂದಾಗ ನಾನು ಒಳಗೆ ನಿಂತು ಚಪ್ಪಲಿ ಹುಡುಕಿದೆ.

ಕಾಂಕ್ರೀಟು ಹಾಕುವುದು ಭಾನುವಾರವೆಂದಾಯಿತು. ಬೆಳಿಗ್ಗೆಯೇ ಗ್ಯಾಂಗಿನವರು ಬಂದರು, ಮಿಕ್ಸರು ಗರಗರ ತಿರುಗಿತು, ಕಾಂಕ್ರೀಟು ತುಂಬಿದ ಬಾಂಡ್ಲಿಗಳು ಕೈಯಿಂದ ಕೈಗೆ ಓಡಾಡಿದವು. ನಾನು ಕೊಡೆ ಹಿಡಿದು ನಿಂತು ಮೇಲ್ವಿಚಾರಣೆ ನಡೆಸಿದೆ. ಅಂದರೆ, ಯಾರಿಗೂ ಅಡ್ಡಬರದ ಒಂದು ಮೂಲೆ ಹುಡುಕಿಕೊಂಡಿದ್ದೆ. ಗೋಡೆ ಎದೆಯೆತ್ತರ ತುಂಬಿತ್ತು. ಮಾಬುಸಾಬರು ನನ್ನೆದುರು ಆನೆಯ ಮಾತನ್ನು ಮತ್ತೊಮ್ಮೆ ಎತ್ತಿದ್ದರು. ಅಷ್ಟರಲ್ಲಿ ಗೋಡೆಯ ಆಚೆಯಿಂದ ಒಂದು ಕೂಗು ಎದ್ದಿತು.

“ಹೋಲ್ಡಾನ್! ಹೋಲ್ಡಾನ್!”

ಈ ಕಡೆಯ ಬಸ್ಸುಗಳಲ್ಲಿ ಓಡಾಡಿ ಬೆಳೆದ ಯಾರೂ ಆ ದನಿಗೆ ನಿಲ್ಲದೆ ಇರಲಾರರು. ಮಿಕ್ಸರಿನವನು ತಟ್ಟನೆ ನಿಲ್ಲಿಸಿದ. ತಲೆಯ ಮೇಲೆ ಬಾಂಡ್ಲಿ ಹೊತ್ತ ಹೆಂಗಸು ಎತ್ತಿದ ಕಾಲನ್ನು ಎತ್ತಿದಲ್ಲೇ ಹಿಡಿದಳು. ರಸ್ತೆಯಲ್ಲಿ ಹೋಗುತ್ತಿದ್ದ ಆಟೋ ಕೂಡ ನಿಂತಿತು. ನಾನು ಕೊಡೆ ಎಸೆದು ಅವರ ಗೇಟು ಹಾಯ್ದು ಹಿತ್ತಲಿಗೆ ಓಡಿದೆ. ಅಲ್ಲಿ ಒಂದು ಕಟ್ಟಿಗೆಯ ಬುಡ ಗರಸಿನಲ್ಲಿ ಕುಸಿದು, ಶೀಟು ಹೊರಗೆ ಉಬ್ಬುತ್ತಿತ್ತು. ಸಂದಿಯಿಂದ ಸಿಮೆಂಟು ಹಾಲು ಸೋರುತ್ತಿತ್ತು. ಕೊಟ್ರೇಶಪ್ಪ ಶೀಟಿಗೆ ಬೆನ್ನು ಕೊಟ್ಟು, ಎರಡೂ ಕಾಲು ನೆಲಕ್ಕೆ ನಾಟಿ ನಿಂತಿದ್ದರು. ಮೈಮೇಲಿನ ಬಿಳಿ ಬನಿಯನ್ ಬೂದಿಯ ಬಣ್ಣಕ್ಕೆ ತಿರುಗಿತ್ತು. ಆ ವಯಸ್ಸಿನಲ್ಲಿ ಆ ಭಾರ! ಶೀಟು ಕಳಚಿದರೆ ಕಾಂಕ್ರೀಟೆಲ್ಲ ಅವರ ಮೇಲೇ ಬೀಳುತ್ತಿತ್ತು. “ಸರೀರಿ ಅಣ್ಣಾರ, ಆಚಿ ಸರೀರಿ!” ಎಂದು ಕೂಗಿದೆ.

“ನಾ ಸರದ್ರ ಇದು ಸರಿತೈತಿ! ನೋಡಕೋತ ನಿಂತೀರಲ್ಲ, ಬರ್ರಿ ಒಳಗ, ಇನ್ನೂ ಒಬ್ರಿಗೆ ಜಾಗ ಐತಿ!”

ನಾನೂ ಅವರ ಪಕ್ಕಕ್ಕೆ ನುಗ್ಗಿ ಬೆನ್ನು ಕೊಟ್ಟೆ. ಮಾಬುಸಾಬರು ಹಲಗೆ ತಂದು ಕುಸಿದ ಕಟ್ಟಿಗೆಯ ಬುಡಕ್ಕೆ ಸೇರಿಸಿ, ಇನ್ನೆರಡು ಕಟ್ಟಿಗೆ ಕೊಟ್ಟು, ಬೆಣೆ ಹೊಡೆದು ಬಿಗಿಮಾಡಿದರು. “ಆನಿ ಬಂದ್ರ ಏನೂ ಆಗಂಗಿಲ್ಲ ಅಂದಿದ್ದೆ, ಕಾಂಕ್ರೀಟಿನ ಮಾತು ಆಡಿದ್ದಿಲ್ಲ” ಎಂದು ಗೊಣಗುತ್ತಿದ್ದರು. ಕೊನೆಯ ಬೆಣೆ ಕೂತಾಗ ಕೊಟ್ರೇಶಪ್ಪ ಎದೆ ತುಂಬ ಗಾಳಿ ಎಳೆದುಕೊಂಡು, “ರೈಟ್… ರೈಟ್!” ಎಂದರು. ಮಿಕ್ಸರು ಮತ್ತೆ ತಿರುಗಿತು.

ನಾವಿಬ್ಬರೂ ಹಾಗೇ ನಿಂತಿದ್ದೆವು. ಬೆನ್ನು ತೆಗೆಯಿರಿ ಎಂದು ಯಾರೂ ಹೇಳಿರಲಿಲ್ಲವಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೊಟ್ರೇಶಪ್ಪ ಕಾಲಬುಡ ನೋಡುತ್ತ, “ಈ ಗರಸು ಸರಿ ಕುಂತಿಲ್ಲ” ಎಂದರು. ಅದು ಎರಡು ಮಳೆಗಾಲದಿಂದ ನಾನು ಹೇಳಬೇಕೆಂದಿದ್ದ ಮಾತು. “ನೀವು ಕೂಗದಿದ್ರ ಇವತ್ತು ಕೆಟ್ಟಿತ್ರಿ” ಎಂದೆ. ಅವರು, “ರಿಟೈರಾದ ಮ್ಯಾಲ ಇಷ್ಟು ಜೋರು ಕೂಗಿದ್ದು ಇವತ್ತ ನೋಡ್ರಿ. ಮನ್ಯಾಗ ಕೂಗಿದ್ರ ಯಾರೂ ನಿಲ್ಲಂಗಿಲ್ಲ. ಇವತ್ತು ಆಟೋ ಸೈತ ನಿಂತಿತು, ಕಂಡ್ರೇನು?” ಎಂದರು. “ಕಂಡೆ” ಎಂದೆ. ಅವರ ಮುಖದಲ್ಲಿ ಅಂಥ ಸಂತೋಷ ನಾನು ನೋಡಿರಲಿಲ್ಲ. ಅಲ್ಲಿಂದ ಮಾತು ಹರಪನಹಳ್ಳಿ ರಸ್ತೆಯ ತಿರುವುಗಳಿಗೆ, ಮಾಗಳದ ಹೊಳೆದಂಡೆಗೆ, ಅವರ ಮೊಣಕಾಲು ನೋವಿಗೆ, ನನ್ನ ಕತ್ತು ನೋವಿಗೆ ಹೋಯಿತು. ಕತ್ತು ನೋವಿನ ಕಾರಣ ಕೇಳಿ ಅವರು ಎಷ್ಟು ನಕ್ಕರೆಂದರೆ ಬೆನ್ನ ಹಿಂದೆ ಶೀಟು ನಡುಗಿತು. ಅವರಿಗೂ ಅದೇ ನೋವಂತೆ. ಕಡೆಗೆ ಚಹಾ ತಂದ ಹೆಂಡಂದಿರಿಬ್ಬರೂ ನಮ್ಮನ್ನು ನೋಡಿ ನಿಂತುಬಿಟ್ಟರು. “ಗೋಡಿ ತುಂಬಿ ಗ್ಯಾಂಗಿನವ್ರು ಊಟಕ್ಕ ಕುಂತಾರ. ನೀವಿಬ್ರೂ ಇನ್ನೂ ಏನು ಹಿಡಕೊಂಡು ನಿಂತೀರಿ?” ಎಂದಳು ನಾಗರತ್ನ.

ಶೀಟು ಬಿಚ್ಚಿದಾಗ ನಮ್ಮ ಕಡೆ ಗೋಡೆ ಗೆರೆ ಹೊಡೆದಂತೆ ನೆಟ್ಟಗಿತ್ತು. ಆಚೆ ಕಡೆ ಮಾತ್ರ, ನಾವು ಬೆನ್ನು ಕೊಟ್ಟಿದ್ದ ಜಾಗದಲ್ಲಿ, ಗುಂಡಗೆ ಹೊಟ್ಟೆ ಬಂದಿತ್ತು. ಕೆತ್ತಿ ಸಮ ಮಾಡುತ್ತೇನೆಂದು ಮಾಬುಸಾಬರು ಉಳಿ ತೆಗೆದರೆ ಕೊಟ್ರೇಶಪ್ಪ ಬಿಡಲಿಲ್ಲ. ಗೋಡೆಗೆ ಬೆಳಿಗ್ಗೆ ಸಂಜೆ ನೀರು ಹೊಡೆಯಬೇಕಿತ್ತು. ಅವರ ಕಡೆಯ ಗೋಡೆಗೆ ಅವರೇ ಪೈಪು ಹಿಡಿದರು. ಒಂದು ಸಂಜೆ ನಾನು ಈಚೆ ನೀರು ಹೊಡೆಯುತ್ತಿದ್ದಾಗ ಆಚೆ ಯಾರೋ ಬಂದ ಸದ್ದಾಯಿತು. ಅವರ ಹಳೆಯ ಬಸ್ಸಿನ ಡ್ರೈವರಂತೆ. “ಏನಲೇ ಕೊಟ್ರಾ, ಈ ಗೋಡಿಗೆ ಹೊಟ್ಟಿ ಬಂದೈತಲ್ಲ?” ಎಂದರು.

ಗುಟ್ಟು ಹೇಳುವಾಗಲೂ ಕೊಟ್ರೇಶಪ್ಪನವರದು ಬಸ್ ಸ್ಟ್ಯಾಂಡಿನ ದನಿಯೇ. “ಕಟ್ಟಿಸಿದೋರನ್ನ ನೀ ನೋಡಿಲ್ಲ. ಬಾಜೂಕನ ಅದಾರ. ನೋಡಿದ್ರ ಈ ಹೊಟ್ಟಿ ಯಾರನ್ನ ಹೋಲತೈತಿ ಅಂತ ಗೊತ್ತಾಗತಿತ್ತು.”

ಈಚೆ ನನ್ನನ್ನು ನೋಡುವವರು ಯಾರೂ ಇರಲಿಲ್ಲ. ಗೋಡೆ ಆಳೆತ್ತರ ಇತ್ತು. ಆದರೂ ನನಗೆ ಗೊತ್ತಿಲ್ಲದಂತೆಯೇ ಉಸಿರು ಎಳೆದು, ಹೊಟ್ಟೆಯನ್ನು ಒಳಗೆ ತೆಗೆದುಕೊಂಡು ನೆಟ್ಟಗೆ ನಿಂತುಬಿಟ್ಟೆ. ಬಟ್ಟೆ ಒಣಹಾಕಲು ಬಂದ ನಾಗರತ್ನ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಉಸುರು ಬಿಡ್ರಿ. ಒಮ್ಮಿ ಸೆಟ್ಟಾದ ಮ್ಯಾಲ ಅದು ಒಳಗ ಹೋಗಂಗಿಲ್ಲ.”