ವಿಕಿರಣದ ವ್ಯಾನಿನಲ್ಲಿ ಬೇಲೂರು ದಾರಿ

ಬೇರೆಯವರ ಗಾಡಿ ಕೆಟ್ಟು ನಿಂತರೆ ಜನ ಸೇರುತ್ತಾರೆ; ನಮ್ಮದು ಸುಮ್ಮನೆ ನಿಂತರೂ ಸಾಕು. ಕಾರ್ಖಾನೆಗಳಲ್ಲಿ ವಿಕಿರಣ ಅಂಟಿದ ಹಳೇ ಪೈಪು, ಕೈಗವಸು, ಯಂತ್ರದ ಬಿಡಿಭಾಗಗಳನ್ನು ಅಳೆದು, ಯಾವ ವರ್ಗಕ್ಕೆ ಸೇರುತ್ತವೆಂದು ಚೀಟಿ ಅಂಟಿಸಿ, ಭದ್ರವಾದ ಜಾಗಕ್ಕೆ ಸಾಗಿಸುವುದು ನನ್ನ ಕೆಲಸ. ಜೊತೆಗಿರುವುದು ಡ್ರೈವರ್ ಒಬ್ಬರೇ. ದಾರಿಯಲ್ಲಿ ಇಂಥ ಪ್ರಸಂಗಗಳು ನಡೆಯದೆ ನಾವು ಊರು ಸೇರಿದ್ದೇ ಕಡಿಮೆ.

ಖಾಲಿ ಡಬ್ಬ

ಅರಸೀಕೆರೆ ಹೊರಗೆ ಪೊಲೀಸಿನವರೊಬ್ಬರು ಕೈ ಅಡ್ಡ ಹಾಕಿ, ವ್ಯಾನಿನ ಹಿಂದಿದ್ದ ದೊಡ್ಡ ಡಬ್ಬ ನೋಡಿದರು.

"ಡಬ್ಬದಾಗೇನೈತೆ ಮೇಡಂ?"

"ಏನೂ ಇಲ್ಲ ಸಾರ್, ಖಾಲಿ."

"ಖಾಲಿ ಡಬ್ಬಕ್ಕೆ ಈ ಪಾಟಿ ಬೀಗ, ಕಾಗದವಾ?"

"ಒಳಗೋಡೆಗೆ ಚೂರುಪಾರು ವಿಕಿರಣ ಅಂಟಿರಬಹುದು ಸಾರ್. ಅದಕ್ಕೇ ಮೇಲೆ ಖಾಲಿ ಅಂತ ಬರೆದು, ಒಳಗೆ ಇದೆ ಅಂದ್ಕೊಂಡು ಸಾಗಿಸಬೇಕು. ನಿಯಮ."

ಅವರು ಗಲ್ಲ ಕೆರೆದುಕೊಂಡರು. "ಗೊತ್ತಾಯ್ತು ಬಿಡಿ. ನಮ್ಮ ಜೀಪಿನ ಡೀಸೆಲ್ ಮುಳ್ಳೂ ಹಂಗೇ. ಅದು ಖಾಲಿ ಅಂತದೆ, ಸಾಹೇಬ್ರು ಐತೆ ಓಡ್ಸು ಅಂತಾರೆ."

ಒಳಗಿರೋರು ಯಾರು?

ಇನ್ನೊಂದು ಸಲ, ಡಬ್ಬ ತುಂಬಿದ್ದಾಗ, ಕಣಕಟ್ಟೆ ಹತ್ತಿರ ಬಸ್ಸು ತಪ್ಪಿಸಿಕೊಂಡ ಯಜಮಾನರೊಬ್ಬರು ತೆಂಗಿನಕಾಯಿ ಮೂಟೆ ಸಮೇತ ನಮ್ಮ ವ್ಯಾನಿನ ಹಿಂದಿನ ಬಾಗಿಲು ಹಿಡಿದರು. ಸಾಮಾನಿನ ಜೊತೆ ಜನರನ್ನು ಕೂರಿಸುವಂತಿಲ್ಲ.

"ಆಗಲ್ಲ ಯಜಮಾನ್ರೇ, ಒಳಗೆ ವಿಕಿರಣ ಇದೆ" ಅಂದೆ.

"ಯಾವ ಕಿರಣನಾದ್ರೂ ಇರ್ಲಿ ಕಣವ್ವ. ಒಸಿ ಸರ್ಕೊಂಡು ಕೂತ್ಕೊಳ್ಳಕ್ಕೇಳು, ಜಾಗ ಆಯ್ತದೆ!"

ವರ್ಗೀಕರಣ

ಬೇಲೂರಿನಲ್ಲಿ ಟೀ ಅಂಗಡಿ ಮುಂದೆ ನಿಂತಾಗ ಎಂದಿನಂತೆ ವಿಕಿರಣ ಅಳೆಯುವ ಮೀಟರ್ ಹಿಡಿದು ವ್ಯಾನಿನ ಸುತ್ತ ಬಂದೆ. ಡಬ್ಬದ ಹತ್ತಿರ ಎಲ್ಲ ಸರಿ. ಆದರೆ ಅಂಗಡಿ ಕಡೆ ತಿರುಗಿದ್ದೇ ತಡ, ಮೀಟರ್ ಕಿರುಚಿಕೊಂಡಿತು. ದಾರಿಯಲ್ಲಿ ಏನಾದರೂ ಸೋರಿತೇ? ಡ್ರೈವರ್ ಟೀ ಲೋಟ ಅಲ್ಲೇ ಇಟ್ಟು ಚಕ್ರದ ಕೆಳಗೆಲ್ಲ ಬಗ್ಗಿ ನೋಡಿದರು. ಏನೂ ಇಲ್ಲ.

ಅಷ್ಟರಲ್ಲಿ ಬೆಂಚಿನ ಮೇಲಿದ್ದ ರಿಟೈರ್ಡ್ ಮೇಷ್ಟ್ರು ಎದ್ದು, ಏನಾಯಿತೆಂದು ನೋಡಲು ಹತ್ತಿರ ಬಂದರು. ಸದ್ದು ಜೋರಾಯಿತು. ಹಿಂದೆ ಸರಿದರು, ಇಳಿಯಿತು.

"ಸಾರ್, ಈಚೆಗೆ ಆಸ್ಪತ್ರೆಗೇನಾದ್ರೂ ಹೋಗಿದ್ರಾ?"

"ನಿನ್ನೆ ಮೈಸೂರಲ್ಲಿ ಮೂಳೆ ಸ್ಕ್ಯಾನ್ ಆಯ್ತು. ಅದಕ್ಕೆ ಮುಂಚೆ ಏನೋ ಇಂಜೆಕ್ಷನ್ ಕೊಟ್ರು."

ಹೋದ ಜೀವ ಬಂತು. "ಆ ಇಂಜೆಕ್ಷನ್ನಲ್ಲೂ ಒಂಚೂರು ವಿಕಿರಣ ಇರುತ್ತೆ ಸಾರ್, ಮೀಟರ್ ಕಿರುಚಿದ್ದು ಅದಕ್ಕೇ. ಭಯ ಇಲ್ಲ, ತಾನಾಗೇ ಇಳಿದುಹೋಗುತ್ತೆ" ಅಂದೆ.

ಮೇಷ್ಟ್ರಿಗೆ ಕುತೂಹಲ. ವ್ಯಾನಿನ ಚೀಟಿಗಳನ್ನೆಲ್ಲ ಓದಿ, "ಹಾಗಾದ್ರೆ ನಾನು ಇದರಲ್ಲಿ ಯಾವ ವರ್ಗಕ್ಕಮ್ಮಾ?" ಅಂತ ಕೇಳಿದರು.

"ಯಾವುದಕ್ಕೂ ಇಲ್ಲ ಸಾರ್. ಪರೀಕ್ಷೆ, ಚಿಕಿತ್ಸೆಗೆ ಹೋಗಿಬಂದವರಿಗೆ ಈ ನಿಯಮದಿಂದ ಪೂರ್ತಿ ವಿನಾಯಿತಿ."

ಬೆಂಚಿನಲ್ಲೇ ಕೂತು ಬನ್ನು ಅದ್ದಿ ತಿನ್ನುತ್ತಿದ್ದ ಅವರ ಹೆಂಡತಿ ತಲೆಯೆತ್ತಲೂ ಇಲ್ಲ. "ಅದೇನ್ ಹೊಸದಾ? ಮದುವೆ ಆದಾಗ್ಲಿಂದ ನಮ್ಮನೇಲಿ ಇವರಿಗೆ ಎಲ್ಲಾ ಕೆಲಸದಿಂದ್ಲೂ ವಿನಾಯಿತೀನೇ."