ಮಾವ ಉಳಿಸಿದ ಮೂವತ್ತೇಳು ಸೆಕೆಂಡು

ಆದೋನಿಯಲ್ಲಿ ನಮ್ಮ ಸೋದರಮಾವನಷ್ಟು ಸಮಯ ಉಳಿಸುವವರು ಇನ್ನೊಬ್ಬರಿಲ್ಲ. ಉಳಿಸಲು ಎಷ್ಟು ಸಮಯ ಹಿಡಿಯುತ್ತದೆ ಎಂದು ಮಾತ್ರ ಅವರನ್ನು ಕೇಳಬೇಡಿ! ನಾನೂ ಕೇಳಿಲ್ಲ, ಸುಮ್ಮನೆ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ.

ಮಾವ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟ್ರು. ಕಾಲೇಜಿಗೆ ಎರಡು ದಾರಿ. ಯಾವುದು ಹತ್ತಿರವೆಂದು ಒಂದು ತಿಂಗಳು ಗಡಿಯಾರ ನೋಡಿಕೊಂಡು ನಡೆದರು. ಎರಡೂ ಹನ್ನೊಂದೇ ನಿಮಿಷ. ಅದನ್ನು ಗೇಟಿನಲ್ಲಿ ನಿಂತು ಬರೆದುಕೊಳ್ಳುವ ಗಡಿಬಿಡಿಯಲ್ಲಿ ಕ್ಲಾಸಿಗೆ ತಡವಾದದ್ದು ಒಂಬತ್ತು ಸಲ!

ಇಂಥವರ ಕೈಗೆ ದೊಡ್ಡಮ್ಮನ ಕುರಿಗಳು ಸಿಕ್ಕವು. ದೊಡ್ಡಮ್ಮ ಅವರ ಅಕ್ಕ. ಗೋನೆಗಂಡ್ಲದ ಕಡೆ ಹಳ್ಳಿಯಲ್ಲಿ ಕುರಿ ಸಾಕುತ್ತಾಳೆ. ಭಾನುವಾರ ಬೆಳಿಗ್ಗೆ ಮರಿಗಳನ್ನು ತೂಗಿ ಫೋನಿನಲ್ಲಿ ತೂಕ ಹೇಳುತ್ತಾಳೆ. ಮಾವ ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಸ್ಕ್ರಿಪ್ಟು ಅದನ್ನು ಹಳೆಯ ತೂಕಗಳಿಗೆ ಹೋಲಿಸಿ, ಯಾವ ಮರಿ ಸೊರಗುತ್ತಿದೆಯೆಂದು ಹೇಳುತ್ತದೆ. ಆ ಮರಿಯನ್ನು ಮೇಯಲು ಬಿಡದೆ ದೊಡ್ಡಿಯಲ್ಲೇ ಉಳಿಸಿ ಔಷಧಿ ಕುಡಿಸಬೇಕು. ಹಿಂದಿನ ವರ್ಷ ಕಣ್ಣಂದಾಜಿನಲ್ಲೇ ನೋಡಿಕೊಂಡಿದ್ದಾಗ ಐದು ಮರಿ ಸತ್ತಿದ್ದವು. ಸ್ಕ್ರಿಪ್ಟು ಬಂದ ಮೇಲೆ ಒಂದೇ.

ಆದರೆ ಉತ್ತರ ಬರಲು ನಲವತ್ತು ಸೆಕೆಂಡು!

"ಕುರಿ ಹೊಂಟು ನಿಂತಿರ್ತಾವ. ಅಕ್ಕ ಮೊಣಕಾಲು ನೋವಿನಾಗ ದೊಡ್ಡಿ ಬಾಗ್ಲಿಗೆ ಅಡ್ಡ ನಿಂತಿರ್ತಾಳ. ಕಂಪೈಲ್ ಮಾಡಬೇಕು!" ಎಂದರು ಮಾವ.

"ಹಂಗಂದ್ರ ಏನ್ ಮಾವ?"

"ತೆಲುಗು ಬರದ ಬೀಗರಿಗೆ ಪಕ್ಕದಾಗ ಕುಂತು ಒಂದೊಂದು ಮಾತಿಗೂ ಅರ್ಥ ಹೇಳ್ತೀವಲ್ಲ, ಈಗ ಕಂಪ್ಯೂಟರ್‌ನಾಗ ಹಂಗ ನಡದೈತಿ. ಎಲ್ಲಾ ಮೊದ್ಲ ಕನ್ನಡಕ್ಕ ತಿರುಗಿಸಿ ಕೈಗೆ ಕೊಟ್ರ?"

"ಜಲ್ದಿ ಊಟಕ್ಕ ಏಳ್ತಾರ!"

ಮೂರು ವಾರ ಕೂತರು. ನನ್ನ ಲೆಕ್ಕದಲ್ಲಿ ಅರವತ್ತೆರಡು ತಾಸು. ಅತ್ತೆಯ ಬೈಗುಳ ಹದಿನೇಳು. ದೊಡ್ಡಮ್ಮ ಫೋನಿನಲ್ಲೇ ಬುದ್ಧಿ ಹೇಳಿದಳು: "ತಮ್ಮಾ, ಅನ್ನಕ್ಕ ಇಟ್ಟು ಗಳಿಗಿಗೊಮ್ಮೆ ಮುಚ್ಚಳ ತೆಗೆದು ನೋಡಿದ್ರ ಬೇಯ್ತೈತೇನು?"

ಕೊನೆಗೆ ಕಂಪೈಲ್ ಮಾಡಿ ಹತ್ತು ಸಲ ಓಡಿಸಿದೆವು. ಮೊದಲು ನಲವತ್ತು, ಈಗಲೂ ನಲವತ್ತು! ಹುಡುಕಿದಾಗ ತಿಳಿಯಿತು: ಆರ್ ಈ ಕೆಲಸವನ್ನು ಯಾರೂ ಹೇಳದೆ ತಾನೇ ಒಳಗೊಳಗೆ ಮಾಡಿಕೊಳ್ಳುತ್ತಿತ್ತು. ಹಾಗಾದರೆ ಹೊತ್ತು ತಿನ್ನುತ್ತಿದ್ದದ್ದು ಏನು? ಮಾವ ಸ್ಕ್ರಿಪ್ಟಿನಿಂದ ಪ್ರತಿ ಮರಿಯ ತೂಕಕ್ಕೂ ಬಣ್ಣಬಣ್ಣದ ನಕ್ಷೆ ಬರೆಸುತ್ತಿದ್ದರು! ದೊಡ್ಡಮ್ಮ ಒಂದನ್ನೂ ನೋಡಿದವಳಲ್ಲ. ನಕ್ಷೆ ತೆಗೆದೆವು. ಮೂರು ಸೆಕೆಂಡು!

ಮರುಭಾನುವಾರ ದೊಡ್ಡಮ್ಮ ತೂಕ ಹೇಳಿ ಮುಗಿಸುತ್ತಿದ್ದಂತೆ ಮಾವ ಗೆದ್ದವರಂತೆ ಕೂಗಿದರು: "ಏಳನೇ ಮರಿ! ಅದನ್ನ ದೊಡ್ಡ್ಯಾಗ ನಿಲ್ಲಿಸು. ಫೋನ್ ಇಡ್ಲೇನಕ್ಕ?"

ಆ ಕಡೆ ಮಾತಿಲ್ಲ. ಮಾವ ಕಂಗಾಲಾದರು. "ಅಕ್ಕಾ? ಲೆಕ್ಕ ತಪ್ಪೈತೇನು?"

"ಇಲ್ಲಪಾ, ಸರಿ ಐತಿ. ಏಳನೇದು ನಿನ್ನಿಯಿಂದ ಮೇವು ಮುಟ್ಟಿಲ್ಲ."

"ಮತ್ತ್ಯಾಕ ಸುಮ್ಮಕಾದಿ?"

"ಕಂಪ್ಯೂಟರ್ ಲೆಕ್ಕ ಹಾಕೋತನಕ ನೀ ನನ್ ಮೊಣಕಾಲು ಹೆಂಗೈತಿ ಅಂತ ಕೇಳ್ತಿದ್ದಿ. ಇವತ್ತು ಕೇಳ್ಲಿಲ್ಲ, ಅದಕ್ಕ ಕೇಳ್ತಿಯೇನೋ ಅಂತ ನೋಡಿದೆ."

ಮಾವ ಲ್ಯಾಪ್‌ಟಾಪ್ ಮುಚ್ಚಿದರು. ಕನ್ನಡಕ ತೆಗೆದು ಅದರ ಮೇಲಿಟ್ಟರು.

"ಹೆಂಗೈತಕ್ಕ?" ಎಂದರು.

ದೊಡ್ಡಮ್ಮ ಎಡಗಾಲಿನಿಂದ ಶುರು ಮಾಡಿದಳು.